ಸರೋವರದ ಮೇಲೆ ಕಾಫಿ ಗಾಡಿ

ಜನವರಿ 9, ಗುರುವಾರ

ಈ ಪುಸ್ತಕ ಶಾಲೆಯ ಅಡುಗೆಮನೆಯದು. ಪ್ರತಿ ಪುಟದಲ್ಲೂ ಫ್ರಿಜ್ಜಿನ ಉಷ್ಣತೆ ಬರೆಯಲು ಗೆರೆ ಎಳೆದಿದ್ದಾರೆ. ಹದಿನೆಂಟು ವರ್ಷ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬರೆದೆ. ಕ್ರಿಸ್‌ಮಸ್ ರಜೆಗೆ ಮುಚ್ಚಿದ ಶಾಲೆ ಮತ್ತೆ ತೆರೆಯಲಿಲ್ಲ. ಉಳಿದಿದ್ದ ಹನ್ನೊಂದು ಮಕ್ಕಳನ್ನು ಬಸ್ಸಿನಲ್ಲಿ ಪಕ್ಕದ ಊರಿಗೆ ಕಳಿಸುತ್ತಾರೆ. ಅಡುಗೆಯವಳಿಗೆ ಆ ಬಸ್ಸಿನಲ್ಲಿ ಜಾಗವಿಲ್ಲ. ಖಾಲಿ ಉಳಿದ ಪುಸ್ತಕ ಮಾತ್ರ ನನ್ನ ಪಾಲಿಗೆ ಬಂತು.

ಇವತ್ತು ವ್ಯಾನ್ ಮನೆಗೆ ಬಂದಿದೆ. ಬ್ರೆಡ್ ಹಂಚುತ್ತಿದ್ದ ಹಳೆಯ ವ್ಯಾನ್. ಒಂದು ಮಗ್ಗುಲಿಗೆ ಕಿಟಕಿ ಕೊರೆಸಿದ್ದೇನೆ, ಒಳಗೆ ಗ್ಯಾಸ್ ಒಲೆ, ಎರಡು ದೊಡ್ಡ ಕಾಫಿ ಪಾತ್ರೆ, ಪುಲ್ಲಾ, ಅಂದರೆ ಏಲಕ್ಕಿ ಬನ್, ಇಡಲು ಗಾಜಿನ ಪೆಟ್ಟಿಗೆ. ಪುಲ್ಲಾ ಅಮ್ಮನೇ ಮಾಡುತ್ತಾಳಂತೆ. ಬೇರೆಯವರು ಮಾಡಿದ ಬನ್ನಿನಲ್ಲಿ ಏಲಕ್ಕಿ ಇರುವುದಿಲ್ಲ, ಬರೀ ಅದರ ನೆನಪಿರುತ್ತದೆ ಎನ್ನುವುದು ಅವಳ ವಾದ.

ಅಮ್ಮ ವ್ಯಾನಿಗೆ ಮೂರು ಸುತ್ತು ಹಾಕಿ ನೋಡಿದಳು.

"ಹೆಣ ಸಾಗಿಸೋ ಗಾಡಿ ಥರ ಇದೆ. ಬಣ್ಣ ಹೊಡಿ."

"ಹೊಡೀತೀನಮ್ಮ."

"ಮುಖಕ್ಕೂ ಸ್ವಲ್ಪ ಹಚ್ಕೋ. ಕಾಫಿ ಮಾರೋಕೆ ಹೊರಟಿದೀಯೋ, ಗಲ್ಲಿಗೆ ಹೊರಟಿದೀಯೋ?"

ಅವಳಿಗೆ ಎಪ್ಪತ್ತೆಂಟು, ನನಗೆ ನಲವತ್ತೊಂಬತ್ತು. ಹೆದರುವುದೆಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ನನಗೆ ಅದೊಂದೇ ಗೊತ್ತು. ಸಿಲಿಂಡರ್ ಸಿಡಿಯಬಹುದು. ಆರೋಗ್ಯ ಇಲಾಖೆಯಿಂದ ತಪಾಸಣೆಗೆ ಬರುವ ಹೆಂಗಸು ಒಲೆಯ ಹಿಂದೆ ಬೆರಳಾಡಿಸಿ ಮುಖ ಸಿಂಡರಿಸಬಹುದು. ಒಬ್ಬರೂ ಬರದೇ ಇರಬಹುದು. ಎಲ್ಲಕ್ಕಿಂತ ದೊಡ್ಡ ಭಯ, ಯಾರಾದರೂ ಬಂದೇ ಬಿಡಬಹುದು. ಬಂದರೆ ಮಾತಾಡಬೇಕಲ್ಲ.

ಜನವರಿ 21, ಮಂಗಳವಾರ

ಮೊದಲ ದಿನ. ಮರದ ಕಾರ್ಖಾನೆಯ ಗೇಟಿನ ಎದುರು ನಿಲ್ಲಿಸಿದೆ. ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಕೆಳಗೆ. ಹಾಲು ಪೊಟ್ಟಣದಲ್ಲೇ ಗಟ್ಟಿಯಾಯಿತು. ನಾಲ್ಕು ಗಂಟೆಯಲ್ಲಿ ಬಂದವರು ಮೂವರು. ಅವರಲ್ಲೊಬ್ಬ ಒಂದು ಗುಟುಕು ಕುಡಿದು, ಕಪ್ಪಿನೊಳಗೆ ನೋಡಿ, "ಕಾಫಿನೇ" ಅಂದು ಹೋದ.

ದಿನವಿಡೀ ಅದೇ ಕೊರೆಯಿತು. ಕಾಫಿನೇ ಅಂದರೆ ಏನು ಅರ್ಥ? ನೀರಾಗಿತ್ತೇ? ಕಹಿಯಾಗಿತ್ತೇ? ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಅಯ್ಯೋ ಪೆದ್ದಿ, ಅದಕ್ಕಿಂತ ದೊಡ್ಡ ಹೊಗಳಿಕೆ ಈ ಊರಲ್ಲಿ ಇದುವರೆಗೂ ಯಾರಿಗೂ ಸಿಕ್ಕಿಲ್ಲ. ಮದ್ವೆ ದಿನ ನಿಮ್ಮಪ್ಪ ನನ್ನ ನೋಡಿ 'ಬಂದ್ಯಾ' ಅಂದ, ಅಷ್ಟೇ."

ಫೆಬ್ರವರಿ 2, ಭಾನುವಾರ

ಇಲ್ಪೊ ಬಂದಿದ್ದ. ಶಾಲೆಯಲ್ಲಿ ನನ್ನ ಜೊತೆ ಓದಿದವನು, ಈಗ ಮೀನುಗಾರರ ಸಂಘದ ಅಧ್ಯಕ್ಷ. ಬೂಟಿನ ಹಿಮ ಕೊಡವದೆ ಅಡುಗೆಮನೆಗೆ ನುಗ್ಗಿ ಕೂತ.

"ವಿರ್ಪಿ, ಆ ಕಾರ್ಖಾನೆ ಗೇಟಲ್ಲಿ ಯಾರಿಗೆ ಕಾದ್ಕೊಂಡು ನಿಂತಿರ್ತೀಯ? ಚಳಿಗಾಲದಲ್ಲಿ ಈ ಊರಿನ ಜನ ಎಲ್ಲಿರ್ತಾರೆ ಹೇಳು ನೋಡೋಣ?"

ನಾನು ಹೇಳಲಿಲ್ಲ. ಗೊತ್ತಿಲ್ಲದೆ ಅಲ್ಲ. ಎಲ್ಲರೂ ಕಾರ್ನಾ ಸರೋವರದ ಮೇಲಿರುತ್ತಾರೆ. ಮಂಜುಗಡ್ಡೆಯಲ್ಲಿ ಬೈರಿಗೆಯಿಂದ ತೂತು ಕೊರೆದು, ಪುಟ್ಟ ಸ್ಟೂಲು ಹಾಕಿಕೊಂಡು, ಗಾಳ ಇಳಿಬಿಟ್ಟು, ಒಬ್ಬರಿಂದೊಬ್ಬರು ಆದಷ್ಟು ದೂರ ಕೂತಿರುತ್ತಾರೆ.

"ಮಾರ್ಚ್ ಹದಿನಾರಕ್ಕೆ ಗಾಳದ ಪಂದ್ಯ. ಇನ್ನೂರೈವತ್ತು ಜನ. ಗಾಡೀನ ಮಧ್ಯಕ್ಕೇ ತಗೊಂಡು ಬಾ. ಗಡ್ಡೆ ನಲವತ್ತು ಸೆಂಟಿಮೀಟರ್ ಇದೆ, ಲಾರಿ ಹೋಗುತ್ತೆ."

"ದಡದಲ್ಲಿ ನಿಲ್ಲಿಸ್ತೀನಿ."

"ದಡಕ್ಕೆ ಮುಕ್ಕಾಲು ಕಿಲೋಮೀಟರ್. ಒಂದು ಕಪ್ ಕಾಫಿಗೆ ತನ್ನ ತೂತು ಬಿಟ್ಟು ಯಾವೋನು ಬರ್ತಾನೆ?"

ಅಮ್ಮ ಒಲೆಯ ಕಡೆಗೆ ತಿರುಗಿ ಸೌದೆ ಒಟ್ಟಿದಳು. ಆಮೇಲೆ ಇಲ್ಪೊಗೆ ನೆನಪಾಗಿರಬೇಕು, ಮುಖ ಕೆಂಪಾಯಿತು, ಎದ್ದು ಹೋದ.

ಅಪ್ಪ ಆ ಸರೋವರದಲ್ಲೇ ಹೋದದ್ದು. ಏಪ್ರಿಲ್ ತಿಂಗಳು, ಗಡ್ಡೆ ಒಡೆದು, ಕಾರಿನ ಸಮೇತ. ನನಗೆ ಆಗ ಒಂಬತ್ತು. ಅಮ್ಮ ಮರುವರ್ಷವೇ ಬೈರಿಗೆ ಹಿಡಿದು ಗಾಳ ಹಾಕಲು ಹೋದಳು, ಇವತ್ತಿನವರೆಗೂ ಒಂದು ಚಳಿಗಾಲವನ್ನೂ ಬಿಟ್ಟಿಲ್ಲ. ನಾನು ನಲವತ್ತು ವರ್ಷದಿಂದ ಅದರ ಮೇಲೆ ಒಂದು ಹೆಜ್ಜೆ ಇಟ್ಟಿಲ್ಲ. ಅಂಗಡಿಗೆ ಸರೋವರ ದಾಟಿದರೆ ಹತ್ತು ನಿಮಿಷ. ನಾನು ರಸ್ತೆ ಸುತ್ತಿಕೊಂಡು ಹೋಗುತ್ತೇನೆ.

ಫೆಬ್ರವರಿ 6

ಆಗುವುದಿಲ್ಲ ಎಂದು ಇಲ್ಪೊಗೆ ಫೋನಿನಲ್ಲಿ ಹೇಳಿದೆ.

ಫೆಬ್ರವರಿ 18, ಮಂಗಳವಾರ

ನಿನ್ನೆ ಐದು ಜನ. ಇವತ್ತು ಇಬ್ಬರು, ಅದರಲ್ಲೊಬ್ಬ ದಾರಿ ಕೇಳಲು ಬಂದವನು. ಪಟ್ಟಣದ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಖಾಲಿ ಇದೆಯಂತೆ. ನೆಲಮಾಳಿಗೆ, ಕಿಟಕಿ ಇಲ್ಲ, ನೂರಾರು ತಟ್ಟೆ, ಮುಖ ಕಾಣದ ಜನರಿಗೆ ಗಂಜಿ. ಅಲ್ಲಿ ಭಯಪಡುವಂಥದ್ದು ಏನೂ ಇಲ್ಲ, ಹಾಗಾಗಿ ನನಗೆ ಹೇಳಿ ಮಾಡಿಸಿದ ಜಾಗ. ಹಾಗೆಂದುಕೊಂಡ ಕೂಡಲೇ ಅಳು ಬಂತು. ಕಾಫಿ ಗಾಡಿ ನನಗೆ ಬೇಕು. ಆ ಮೂರು ಮತ್ತೊಂದು ಜನರ ಕೈಗೆ ಬಿಸಿ ಕಪ್ ಕೊಡುವಾಗ ಆಗುವ ಖುಷಿ ನನಗೆ ಈ ವಯಸ್ಸಿನವರೆಗೆ ಆಗಿರಲಿಲ್ಲ.

ಅಂದರೆ ಲೆಕ್ಕ ಸರಳ. ಮಂಜುಗಡ್ಡೆಯ ಮೇಲೆ ಹೋಗಬೇಕು, ಇಲ್ಲವಾದರೆ ವ್ಯಾನನ್ನು ಕೈಬಿಡಬೇಕು.

"ಮಾರಿಬಿಡು" ಎಂದಳು ಅಮ್ಮ.

"ನೀನೇ ಹೀಗಂದ್ರೆ?"

"ಇನ್ನೇನು ಅನ್ಲಿ? ಹೋಗು ಅಂದ್ರೆ ಅಳ್ತೀಯ, ಬಿಡು ಅಂದ್ರೂ ಅಳ್ತೀಯ. ಕೋಟು ಹಾಕ್ಕೋ, ನಡಿ."

ಕೈ ಹಿಡಿದು ಎಳೆದುಕೊಂಡು ಹೋದಳು. ದಡದಿಂದ ಮೂರು ಹೆಜ್ಜೆ ಇಟ್ಟೆ. ದೂರದಲ್ಲೆಲ್ಲೋ ಗಡ್ಡೆ ಗುಡುಗಿತು, ಆ ಸದ್ದು ನಮ್ಮ ಕಾಲ ಕೆಳಗೆ ಹಾದು ಆಚೆ ದಡಕ್ಕೆ ಹೋಯಿತು. ನಾನು ಓಡಿ ಬಂದುಬಿಟ್ಟೆ. ಅಮ್ಮ ಅಲ್ಲೇ ನಿಂತು ನಕ್ಕಳು. "ಅದು ಹಿಗ್ಗೋ ಸದ್ದು ಕಣೇ, ಒಡೆಯೋದಲ್ಲ. ಸದ್ದು ಮಾಡೋ ಗಡ್ಡೆ ಒಳ್ಳೇದು. ಸುಮ್ಮನಿರೋದನ್ನ ನಂಬಬಾರದು."

ಮಾರ್ಚ್ 1, ಶನಿವಾರ

ಓಡಿಸಿದೆ. ಗಡ್ಡೆಯ ಮೇಲೆ ಇನ್ನೂರು ಮೀಟರ್. ಸೀಟು ಬೆಲ್ಟ್ ಹಾಕಬಾರದು, ಬಾಗಿಲು ಅರೆ ತೆರೆದಿರಬೇಕು, ಇಳಿಯಲು ತಡವಾಗಬಾರದು. ವೇಗ ಬೇಡ, ಗಡ್ಡೆಯ ಕೆಳಗೆ ನೀರಿನಲ್ಲಿ ಅಲೆ ಎದ್ದು ಗಡ್ಡೆ ಒಡೆಯುತ್ತದೆ. ಒಂದೇ ಕಡೆ ಬಹಳ ಹೊತ್ತು ನಿಲ್ಲಿಸಲೂ ಬೇಡ, ಭಾರಕ್ಕೆ ಗಡ್ಡೆ ಬಾಗುತ್ತದೆ. ಇಲ್ಪೊ ಒಂದೊಂದನ್ನೇ ಎರಡೆರಡು ಸಲ ಹೇಳಿದ. ಅಮ್ಮ ನನ್ನ ಕೊರಳಿಗೆ ಹಗ್ಗದ ಎರಡು ತುದಿಗೆ ಕಟ್ಟಿದ ಮೊಳೆಗಳನ್ನು ಹಾಕಿದಳು. ನೀರಿಗೆ ಬಿದ್ದರೆ ಅವನ್ನು ಗಡ್ಡೆಗೆ ಚುಚ್ಚಿ ಮೇಲೆ ಬರಬೇಕು.

ತಿರುಗಿಸಿಕೊಂಡು ಬಂದು ದಡ ಹತ್ತಿದ ಮೇಲೆ ಬಾಗಿಲ ಪಕ್ಕದಲ್ಲೇ ವಾಂತಿ ಮಾಡಿಕೊಂಡೆ. ಅಮ್ಮ ಅದರ ಮೇಲೆ ಕಾಲಿನಿಂದ ಹಿಮ ಒತ್ತರಿಸಿ, "ಯಾರೂ ನೋಡ್ಲಿಲ್ಲ ಬಿಡು" ಎಂದಳು.

ಪಂದ್ಯಕ್ಕೆ ಒಪ್ಪಿಕೊಂಡಿದ್ದೇನೆ.

ಮಾರ್ಚ್ 14, ಶುಕ್ರವಾರ

ಫಲಕ ಬರೆದೆ. ಕಾಫಿ, ಪುಲ್ಲಾ, ಬಟಾಣಿ ಸೂಪು. ಅಮ್ಮ ಓದಿ, "ಎರಡನೇ ಕಪ್ ಎಲ್ಲಿ?" ಎಂದು ಕೇಳಿದಳು.

"ಇನ್ನೂರೈವತ್ತು ಜನ ಅಮ್ಮ."

"ಆದ್ರೇನು? ಎರಡನೇ ಕಪ್ ಕೊಡದೋಳು ಕಾಫಿ ಮಾರೋಕೆ ಯಾಕೆ ಹೊರಡ್ಬೇಕು? ಒಂದೇ ಕಪ್ ಕೊಟ್ಟು ಕಳಿಸಿದ್ಲು ಅಂತ ನನ್ನ ಸಮಾಧಿ ಕಲ್ಲಿನ ಹತ್ರಾನೂ ಆಡ್ಕೋತಾರೆ."

ಅವಳು ಹೇಳಿದ್ದು ಸರಿ. ನಮ್ಮಲ್ಲಿ ಒಂದು ಕಪ್ಪಿಗೆ ಯಾರೂ ಕಾಫಿ ಕುಡಿದೆ ಎನ್ನುವುದಿಲ್ಲ. ಫಲಕದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ಎರಡನೇ ಕಪ್ ಉಚಿತ.

ಮಾರ್ಚ್ 16, ಭಾನುವಾರ

ಮನೆಗೆ ಬಂದಾಯಿತು. ಇನ್ನೂ ಬೆಳಕಿದೆ. ಬಿಟ್ಟರೆ ಮರೆಯುತ್ತೇನೆಂದಲ್ಲ, ಬರೆಯದಿದ್ದರೆ ಕೈ ಸುಮ್ಮನಿರುವುದಿಲ್ಲ.

ಬೆಳಿಗ್ಗೆ ಎಲ್ಲ ಸರಿಯಿತ್ತು. ಬಿಸಿಲು, ಗಾಳಿಯಿಲ್ಲ. ಸರೋವರದ ಮಧ್ಯೆ ವ್ಯಾನ್ ನಿಲ್ಲಿಸಿದೆ. ಜನ ಚುಕ್ಕಿಗಳ ಹಾಗೆ ದೂರ ದೂರ ಕೂತಿದ್ದರು. ಅಮ್ಮನೂ ಪಂದ್ಯದಲ್ಲಿದ್ದಳು. ಇಬ್ಬರು ಮೂವರು ಬಂದು ಹೋಗುತ್ತಿದ್ದರು. ಗಂಟೆಗೊಮ್ಮೆ ವ್ಯಾನನ್ನು ಸ್ವಲ್ಪ ಮುಂದಕ್ಕೆ ಸರಿಸಬೇಕೆಂದು ಇಲ್ಪೊ ಹೇಳಿದ್ದ, ಸರಿಸುತ್ತಿದ್ದೆ.

ಒಂದು ಗಂಟೆಗೆ ಪೀಪಿ ಊದಿದರು, ಪಂದ್ಯ ಮುಗಿಯಿತು. ಮೀನು ತೂಗುವ ಮೇಜನ್ನು ಇಲ್ಪೊ ನನ್ನ ವ್ಯಾನಿನ ಪಕ್ಕದಲ್ಲೇ ಹಾಕಿದ್ದ, ತೂಗಿಸಿದವರು ಹಾಗೇ ಕಾಫಿ ಕುಡಿಯಲಿ ಎಂದು. ಇನ್ನೂರೈವತ್ತು ಜನ ಚೀಲ ಹಿಡಿದು ಒಂದೇ ಜಾಗಕ್ಕೆ ನಡೆದು ಬಂದರು. ಸಾಲು ನಿಂತರು. ನಾನು ಸುರಿದೇ ಸುರಿದೆ. ಸಾಲು ಕರಗಲೇ ಇಲ್ಲ, ಯಾಕೆಂದರೆ ಕುಡಿದವರೆಲ್ಲ ಎರಡನೇ ಕಪ್ಪಿಗೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ವ್ಯಾನ್ ಸರಿಸುವುದು ಹೇಗೆ? ಇಷ್ಟು ಜನರಿಗೆ ಸ್ವಲ್ಪ ಜರುಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನು ಹತ್ತು ಜನ ಆಗಲಿ, ಇನ್ನು ಹತ್ತು ಜನ ಆಗಲಿ ಎಂದುಕೊಂಡೆ.

ಸಕ್ಕರೆ ಚೆಲ್ಲಿತೆಂದು ಕಿಟಕಿಯಿಂದ ಬಗ್ಗಿ ನೋಡಿದಾಗ ಕೆಳಗೆ ನೀರು ಕಂಡಿತು. ಹತ್ತಿರದ ತೂತುಗಳಿಂದ ನೀರು ಸದ್ದಿಲ್ಲದೆ ಉಕ್ಕಿ ಬರುತ್ತಿತ್ತು. ಟೈರುಗಳ ಸುತ್ತ ಹಿಮ ಬೂದು ಬಣ್ಣಕ್ಕೆ ತಿರುಗಿತ್ತು. ಸಾಲಿನಲ್ಲಿದ್ದವರ ಬೂಟು ಕಣಕಾಲಿನ ತನಕ ನೀರಿನಲ್ಲಿ. ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಎಲ್ಲರೂ ಕಪ್ ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು. ಗಡ್ಡೆ ಬಾಗಿದೆ ಎಂದು ನನಗೆ ಅರ್ಥವಾಯಿತು. ಸಾಲಿನ ಮಧ್ಯದಲ್ಲಿ ಅಮ್ಮನ ಕೆಂಪು ಟೋಪಿ.

ಒಲೆ ಆರಿಸಿದೆ. ಮುಂದಿನ ಸೀಟಿಗೆ ಹತ್ತಿದೆ. ಬೆಲ್ಟ್ ಇಲ್ಲ, ಬಾಗಿಲು ತೆರೆದಿದೆ. ಗಾಡಿ ನಡಿಗೆಯ ವೇಗದಲ್ಲಿ ಕದಲಿತು. ಹಿಂದೆ ಏನೋ ಉರುಳಿದ ಸದ್ದಾಯಿತು, ನನ್ನ ಬೂಟಿನ ಹತ್ತಿರ ನೀರು ಹರಿದು ಬಂತು. ಮುಗಿಯಿತು ಎಂದುಕೊಂಡೆ. ಆ ನೀರು ಬಿಸಿ ಇದೆ, ಅದು ಕಾಫಿ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕನ್ನಡಿಯಲ್ಲಿ ನೋಡಿದರೆ ಇಡೀ ಸಾಲು ನನ್ನ ಹಿಂದೆ ನಡೆದು ಬರುತ್ತಿದೆ! ಒಬ್ಬರೂ ಸರದಿ ತಪ್ಪಿಸಿಲ್ಲ. ಮೊದಲಿಗೆ ಇಲ್ಪೊ, ಖಾಲಿ ಕಪ್ ಎತ್ತಿ ಹಿಡಿದಿದ್ದಾನೆ.

"ವಿರ್ಪಿ, ನನ್ನ ಎರಡನೇ ಕಪ್ಪು!"

ಬಾಗಿಲಿನಿಂದ ಅರ್ಧ ಹೊರಗೆ ಬಗ್ಗಿ ಕೂಗಿದೆ. ಅಂಥ ದನಿ ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ. "ಬರಬೇಡ್ರೋ! ಗಡ್ಡೆ ಬಾಗಿದೆ! ಚೆದುರಿಕೊಳ್ಳಿ! ಒಬ್ಬೊಬ್ರೇ ದಡಕ್ಕೆ ಹೋಗಿ!"

ನಿಂತು ನೋಡಿದರು. ಯಾರೂ ಕದಲಲಿಲ್ಲ. ಒಬ್ಬರು ಹೊರಟರೆ ಉಳಿದವರು ಹೊರಟಾರು, ಮೊದಲು ಹೊರಡುವವರು ಯಾರು?

"ಹೋಗ್ದೇ ಇದ್ರೆ ಇವತ್ತು ಒಬ್ರಿಗೂ ಎರಡನೇ ಕಪ್ ಇಲ್ಲ! ದಡದಲ್ಲಿ ಕೊಡ್ತೀನಿ! ಹೋಗಿ!"

ಆಗ ಹೋದರು. ಬೀಸಣಿಗೆ ಬಿಚ್ಚಿದ ಹಾಗೆ ನಾಲ್ಕೂ ಕಡೆಗೆ ಹರಡಿಕೊಂಡು ನಡೆದರು. ನಾನು ದಡ ಸೇರಿದೆ, ಮೀನು, ಮೇಜು, ಜನ ಎಲ್ಲ ಸೇರಿದರು. ಪಾತ್ರೆ ಮತ್ತೆ ತುಂಬಿಸಿ ಎಲ್ಲರಿಗೂ ಕೊಟ್ಟೆ.

"ನೀರು ಬರ್ತಿರೋದು ಕಾಣಿಸ್ಲಿಲ್ವೇನೋ?" ಎಂದು ಇಲ್ಪೊನನ್ನು ಕೇಳಿದೆ.

"ಕಾಣಿಸ್ತು. ನಿಂಗೆ ಗೊತ್ತಿರುತ್ತೆ ಅಂದ್ಕೊಂಡ್ವಿ. ಕೆಲಸದ ಮಧ್ಯೆ ತೊಂದರೆ ಕೊಡೋದು ಬೇಡ ಅಂತ."

ಅಮ್ಮ ಒದ್ದೆ ಬೂಟಿನಲ್ಲಿ ನಿಂತಿದ್ದಳು. ಏನೂ ಚೇಷ್ಟೆ ಮಾಡಲಿಲ್ಲ. ಚಳಿಯಾಗಿರಬೇಕು.

ಮಾರ್ಚ್ 17

ದಿನವಿಡೀ ನಿದ್ದೆ.

ಮಾರ್ಚ್ 29, ಶನಿವಾರ

ಹತ್ತು ದಿನದಿಂದ ದಿನಾ ಸರೋವರದ ಮೇಲೆ ಹೋಗುತ್ತಿದ್ದೇನೆ. ಒಂದು ತೂತಿನಿಂದ ಇನ್ನೊಂದಕ್ಕೆ, ಜಾಸ್ತಿ ನಿಲ್ಲುವುದಿಲ್ಲ. ಜನ ಕೈ ಬೀಸಿ ಕರೆಯುತ್ತಾರೆ. ಇನ್ನು ಮೇಲೆ ಕಾಫಿ ವ್ಯಾನ್ ದಡದಲ್ಲೇ ಇರಲಿ ಎಂದು ಸಂಘದವರು ತೀರ್ಮಾನಿಸಿದ್ದಾರಂತೆ. ಇಲ್ಪೊ ಹೇಳಿದಾಗ ನನಗೆ ಸಿಟ್ಟೇ ಬಂತು. "ದಡಕ್ಕೆ ಮುಕ್ಕಾಲು ಕಿಲೋಮೀಟರ್, ಯಾವೋನು ಬರ್ತಾನೆ?" ಎಂದೆ. ಅವನು ತಲೆ ಕೆರೆದುಕೊಂಡ.

ಪುಲ್ಲಾದ ಮೇಲೆ ಬಾದಾಮಿ ಚೂರು ಹಾಕಿ ನೋಡಿದೆ, ಚೆನ್ನಾಗಿ ಹೋಗುತ್ತಿದೆ. ಬಾಗಿಲು ತೆರೆದಿಟ್ಟರೆ ಗಾಳಿ ನುಗ್ಗಿ ಕಾಫಿ ಬೇಗ ಆರುತ್ತದೆ, ಹಾಗಾಗಿ ಮುಚ್ಚಿಕೊಂಡೇ ಓಡಿಸುತ್ತೇನೆ. ಕೊರಳಿನ ಮೊಳೆಗಳು ಕಪ್ಪಿಗೆ ತಗುಲಿ ಕಿರಿಕಿರಿ, ಕನ್ನಡಿಗೆ ನೇತುಹಾಕಿದ್ದೇನೆ. ಅಮ್ಮ ಗಾಳ ಹಾಕಲು ಬರುತ್ತಿಲ್ಲ. ಮಂಡಿನೋವಂತೆ.

ಏಪ್ರಿಲ್ 8, ಮಂಗಳವಾರ

ಬೇರೆಯವರು ಕಾರುಗಳನ್ನು ಗಡ್ಡೆಯ ಮೇಲಿಂದ ತೆಗೆದುಬಿಟ್ಟಿದ್ದಾರೆ. ನಡೆದು ಬರುವ ಒಂಬತ್ತು ಗಂಡಸರು ಸರೋವರದೊಳಗಿನ ದ್ವೀಪದ ಹತ್ತಿರ ಇನ್ನೂ ಕೂರುತ್ತಾರೆ, ಅವರಿಗೆ ಕಾಫಿ ಬೇಡವೇ? ನಾನೇ ಬೈರಿಗೆಯಿಂದ ಕೊರೆದು ಅಳೆದೆ, ಮೂವತ್ತಾರು ಸೆಂಟಿಮೀಟರ್. ದಡದ ಅಂಚಿನಲ್ಲಿ ಕರಗಿ ಸ್ವಲ್ಪ ಕಪ್ಪಾಗಿದೆ, ಬೆಳಿಗ್ಗೆ ಹೊತ್ತು ಅದೂ ಗಟ್ಟಿ.

ಊಟಕ್ಕೆ ಕೂತಾಗ ಅಮ್ಮ ಹೇಳಿದಳು. "ಸಾಕು ವಿರ್ಪಿ. ಈ ವರ್ಷಕ್ಕೆ ಸಾಕು."

"ಅಳೆದು ನೋಡಿದೀನಮ್ಮ."

"ನಿಮ್ಮಪ್ಪನೂ ಅಳೆದಿದ್ದ."

ಇದನ್ನು ಅವಳು ಹಿಂದೆ ಯಾವತ್ತೂ ಹೇಳಿರಲಿಲ್ಲ. ವಯಸ್ಸಾಯಿತು, ಎಲ್ಲಕ್ಕೂ ಗಾಬರಿ. ಆಲೂಗಡ್ಡೆ ಬಡಿಸಿದೆ, ತಿನ್ನಲಿಲ್ಲ.

ಏಪ್ರಿಲ್ 12, ಶನಿವಾರ

ದ್ವೀಪಕ್ಕೆ ಹೋಗಿ ಬಂದೆ. ಸರೋವರ ಇವತ್ತು ಸದ್ದೇ ಮಾಡಲಿಲ್ಲ, ನೆಮ್ಮದಿಯಾಗಿತ್ತು. ಒಂಬತ್ತು ಜನರಿಗೂ ಎರಡೆರಡು ಕಪ್ ಕೊಟ್ಟು ಹೊರಟಾಗ ಹನ್ನೊಂದೂವರೆ. ದಡದ ಅಂಚಿಗೆ ಬಂದು ಇನ್ನೇನು ಹತ್ತಬೇಕು, ಮುಂದಿನ ಎಡಗಾಲಿ ಕುಸಿಯಿತು. ದೊಡ್ಡದೇನಲ್ಲ, ಅಲ್ಲಿ ನೀರು ಮೊಣಕಾಲಿನಷ್ಟು. ಇಳಿದು ನಡೆದೇ ದಡ ಸೇರಿದೆ. ಇಲ್ಪೊ ಟ್ರಾಕ್ಟರ್ ತಂದು ಎಳೆದ.

ಅಮ್ಮ ದಡದಲ್ಲಿದ್ದಳು. ಮನೆಯ ಚಪ್ಪಲಿಯಲ್ಲಿ, ಕೈಚೀಲವಿಲ್ಲದೆ, ಟೋಪಿಯಿಲ್ಲದೆ. ಬೆಳಿಗ್ಗೆ ನಾನು ಹೊರಟಾಗಿನಿಂದ ಅಲ್ಲೇ ನಿಂತಿದ್ದಾಳೆಂದು ಇಲ್ಪೊ ಆಮೇಲೆ ಹೇಳಿದ. ನಾನು ಹತ್ತಿರ ಹೋಗಿ, "ಏನೂ ಆಗ್ಲಿಲ್ಲಮ್ಮ" ಎನ್ನುವಷ್ಟರಲ್ಲಿ ಕೆನ್ನೆಗೆ ಹೊಡೆದಳು. ಜೀವಮಾನದಲ್ಲಿ ಮೊದಲ ಸಲ.

ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ನೀನು ಹೆದರ್ತಿದ್ದೆ ಅಂತ ಕಣೇ ನಾನು ಧೈರ್ಯವಾಗಿದ್ದಿದ್ದು. ಮನೇಲಿ ಒಬ್ಳು ದಡದಲ್ಲೇ ಇರ್ತಾಳಲ್ಲ, ಅವಳಿಗೇನೂ ಆಗಲ್ಲ ಅಂತ ಗೊತ್ತಿತ್ತು. ಅದಕ್ಕೇ ನಾನು ಎಲ್ಲಿ ಬೇಕಾದ್ರೂ ಹೋಗಿ ಕೂರ್ತಿದ್ದೆ. ಈಗ ನಾನೇನು ಮಾಡ್ಲಿ? ಹೇಳು, ನಾನೇನು ಮಾಡ್ಲಿ?"

ಅವಳ ಮಂಡಿಗೆ ನೋವಿಲ್ಲವೆಂದು ಆಗ ಗೊತ್ತಾಯಿತು. ಕಾಲಿನ ಒದ್ದೆ ಮೇಲಕ್ಕೆ ಹತ್ತುತ್ತಿತ್ತು, ನಿಂತಲ್ಲೇ ಮೈಯೆಲ್ಲ ಅದುರತೊಡಗಿತು. ಸರೋವರಕ್ಕಲ್ಲ. ಅವಳ ಮುಖ ನೋಡಿ ಭಯವಾಯಿತು. ಅಷ್ಟು ಮುದುಕಿಯಾಗಿದ್ದಾಳೆಂದು ನಾನು ನೋಡಿಯೇ ಇರಲಿಲ್ಲ.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ವ್ಯಾನಿನ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ಇರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವಳ ಬಲಗೈ ಮೊಣಕೈಯವರೆಗೆ ಹಿಟ್ಟಿನಿಂದ ಬಿಳಿಯಾಗಿತ್ತು.

"ಇವತ್ತು ಪುಲ್ಲಾ ಮಾಡೋಣ್ವಾ?" ಎಂದು ಕೇಳಿದೆ.

"ಹಿಟ್ಟು ಖಾಲಿಯಾಗಿದೆ" ಎಂದಳು. ಡಬ್ಬಿಯ ಮುಚ್ಚಳ ಮುಚ್ಚದಷ್ಟು ಹಿಟ್ಟು ತುಂಬಿತ್ತು.

ಕೀಲಿಯ ಮಾತೆತ್ತದೆ ಕೋಟು ಹಾಕಿಕೊಂಡು, ರಸ್ತೆ ಸುತ್ತಿಕೊಂಡು ಅಂಗಡಿಗೆ ನಡೆದು ಹೋಗಿ, ಎರಡು ಕಿಲೋ ಹಿಟ್ಟು ತಂದೆ.